ಫ್ರಾನ್ಸಿನ ಮೂರು ಜಲ್ಲಿ ಹಾದಿಗಳು: ಮಿದಿ ಕಾಲುವೆ, ನಾಂತ್–ಬ್ರೆಸ್ತ್ ಕಾಲುವೆ ಮತ್ತು ಪಾಸಾ ಪಾಯಿಸ್

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಾರು, ಲಾರಿಗಳ ಕಾಟವಿಲ್ಲದೆ ದಿನವಿಡೀ ಸೈಕಲ್ ತುಳಿಯಬೇಕು ಎನ್ನುವವರಿಗೆ ಮುಖ್ಯವಾಗಿ ಎರಡು ಬಗೆಯ ಹಾದಿಗಳಿವೆ. ಒಂದು, ಹಿಂದೆ ಕುದುರೆಗಳು ಸರಕಿನ ದೋಣಿಗಳನ್ನು ಎಳೆದುಕೊಂಡು ಹೋಗುತ್ತಿದ್ದ ಕಾಲುವೆ ದಡದ ಹಾದಿ. ಇನ್ನೊಂದು, ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ಜಲ್ಲಿಪುಡಿ ಹಾಸಿ ಗಟ್ಟಿಮಾಡಿದ ಹಳೆಯ ರೈಲುಮಾರ್ಗ. ಇಂಥ ಎಷ್ಟೋ ಹಾದಿಗಳಿಗೆ ‘ವ್ವಾ ವೆರ್ತ್’, ಅಂದರೆ ‘ಹಸಿರು ಹಾದಿ’, ಎಂಬ ಮಾನ್ಯತೆ ಇದೆ. 2004ರ ಸರ್ಕಾರಿ ಆದೇಶದಂತೆ ಅಲ್ಲಿ ನಡೆಯುವವರು, ಸೈಕಲ್ಲಿನವರು ಮತ್ತು ಕೆಲವೆಡೆ ಕುದುರೆ ಸವಾರರು ಮಾತ್ರ ಹೋಗಬಹುದು. ದಕ್ಷಿಣ ಫ್ರಾನ್ಸಿನ ತುಲೂಸ್ ನಗರದ ವಿಮಾನ ಉದ್ಯಮಕ್ಕೆ ಬೆಂಗಳೂರಿನಿಂದ ಬಂದು ನೆಲೆಸಿದ ನನ್ನಂಥವರ ನಡುವೆ, ರಜೆಯ ಯೋಚನೆ ಶುರುವಾದಾಗಲೆಲ್ಲ, ಮಿದಿ ಕಾಲುವೆ, ನಾಂತ್–ಬ್ರೆಸ್ತ್ ಕಾಲುವೆ, ಹಳೆಯ ರೈಲುಮಾರ್ಗವಾದ ಪಾಸಾ ಪಾಯಿಸ್ ಈ ಮೂರರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಬರುತ್ತದೆ. ಮೂರನ್ನು ಒಂದೇ ಸೈಕಲ್ಲಿನಲ್ಲಿ, 40 ಮಿಲಿಮೀಟರ್ ಅಗಲದ ಟ್ಯೂಬ್‌ಲೆಸ್ ಟೈರ್ ಹಾಕಿ, ಹಿಂದೆ ಎರಡು ಚೀಲ ಕಟ್ಟಿಕೊಂಡು ತುಳಿದು ನೋಡಿದ್ದೇನೆ. ಹೋಲಿಸುವಾಗ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿರುವುದು ಒಂದು ಸಂಗತಿಗೆ: ಮುಂದಿನ ಚಕ್ರದಿಂದ ಕಣ್ಣು ತೆಗೆದು, ಸುತ್ತಲಿನ ಹೊಲ, ನೀರು, ಊರುಗಳನ್ನು ಎಷ್ಟು ಹೊತ್ತು ನಿಶ್ಚಿಂತೆಯಿಂದ ನೋಡುತ್ತ ಹೋಗಬಹುದು? ವಾಹನಗಳಿಲ್ಲದ ಹಾದಿಯಲ್ಲೂ ನೆಲ ಕೆಟ್ಟಿದ್ದರೆ ಈ ಸುಖ ಸಿಗುವುದಿಲ್ಲ.

ಮಿದಿ ಕಾಲುವೆಯ ಹೆಸರು ಎಲ್ಲಕ್ಕಿಂತ ದೊಡ್ಡದು. ತುಲೂಸಿನಿಂದ ಮೆಡಿಟರೇನಿಯನ್ ತೀರದ ಸೆತ್ ವರೆಗೆ ಸುಮಾರು 240 ಕಿಲೋಮೀಟರ್ ಉದ್ದದ ಇದನ್ನು ಪಿಯೆರ್-ಪೋಲ್ ರಿಕೆ 1666ರಲ್ಲಿ ಆರಂಭಿಸಿದರು. 1681ರಲ್ಲಿ ಕಾಲುವೆ ತೆರೆಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. 1996ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ತುಲೂಸಿನಿಂದ ಹೊರಟ ಮೊದಲ 50 ಕಿಲೋಮೀಟರ್ ಡಾಂಬರು ಹಾದಿಯಾದ್ದರಿಂದ, ಜಲ್ಲಿಯ ಮೇಲೆ ತುಳಿಯುವ ಆಸೆಯಿಂದ ಬಂದವರಿಗೆ ಅಲ್ಲಿ ವಿಶೇಷವೇನೂ ಇಲ್ಲ. ಸಮುದ್ರಮಟ್ಟದಿಂದ 189 ಮೀಟರ್ ಎತ್ತರದ ನೊರೂಜ್‌ನಲ್ಲಿ, ಕಪ್ಪುಬೆಟ್ಟಗಳಿಂದ ತಂದ ನೀರು ಒಂದು ಪಾಲು ಅಟ್ಲಾಂಟಿಕ್ ಕಡೆಗೂ ಒಂದು ಪಾಲು ಮೆಡಿಟರೇನಿಯನ್ ಕಡೆಗೂ ಹರಿಯುವ ಜಾಗವನ್ನು ಮಾತ್ರ ಯಾರೂ ನಿಲ್ಲದೆ ದಾಟಬಾರದು. ಇಡೀ ಕಾಲುವೆಯ ಬುದ್ಧಿವಂತಿಕೆ ಇರುವುದೇ ಅಲ್ಲಿ.

ನೊರೂಜ್ ದಾಟಿದ ಮೇಲೆ ಡಾಂಬರು ಮುಗಿದು ಮಣ್ಣು, ಜಲ್ಲಿ ಶುರುವಾಗುತ್ತದೆ. ಕೆಲವು ಭಾಗಗಳನ್ನು ಹೊಸದಾಗಿ ಗಟ್ಟಿಮಾಡಿದ್ದಾರೆ; ಉಳಿದೆಡೆ ದಡದ ಪ್ಲೇನ್ ಮರಗಳ ಬೇರುಗಳು ಮಣಿಕಟ್ಟಿನಷ್ಟು ದಪ್ಪಗೆ ಹಾದಿಗೆ ಅಡ್ಡಲಾಗಿ ಎದ್ದು ನಿಂತಿವೆ. ಸಂಜೆಯ ಬಿಸಿಲಿನಲ್ಲಿ ಕೊಂಬೆಯ ನೆರಳು ಯಾವುದು, ಬೇರು ಯಾವುದು ಎಂದು ತಿಳಿಯದೆ, ಪ್ರತಿಯೊಂದು ಕಪ್ಪು ಗೆರೆಗೂ ಬ್ರೇಕ್ ಹಿಡಿಯಬೇಕಾಗುತ್ತದೆ. ಟೈರಿನ ಗಾಳಿ ಇಳಿಸಿದರೆ ಏಟು ಕಡಿಮೆಯಾಗುತ್ತದೆಯೇ ಹೊರತು ಗಮನ ನೆಲದಿಂದ ಮೇಲೇಳುವುದಿಲ್ಲ. ಮಳೆ ಬಿದ್ದರೆ ಜೇಡಿಮಣ್ಣು ಚಕ್ರಕ್ಕೂ ಫೋರ್ಕಿಗೂ ನಡುವೆ ತುಂಬಿಕೊಂಡು ಸೈಕಲ್ ಮುಂದೆ ಸಾಗಲು ಬಿಡುವುದಿಲ್ಲ. ಇದರ ಜೊತೆಗೆ, 2006ರಿಂದ ಈ ಮರಗಳಿಗೆ ತಗುಲಿರುವ ಶಿಲೀಂಧ್ರ ರೋಗಕ್ಕೆ ಮದ್ದಿಲ್ಲದ ಕಾರಣ ಸಾವಿರಾರು ಮರಗಳನ್ನು ಕಡಿದು ಸುಟ್ಟಿದ್ದಾರೆ. ಬದಲಿಗೆ ನೆಟ್ಟ ಬೇರೆ ಜಾತಿಯ ಸಸಿಗಳು ನೆರಳು ಕೊಡಲು ಇನ್ನೂ ಎಷ್ಟೋ ವರ್ಷ ಬೇಕು. ಜುಲೈ ತಿಂಗಳಲ್ಲಿ ಆ ಬೋಳು ದಡಗಳಲ್ಲಿ ತುಳಿಯುವುದನ್ನು ನಾನು ಯಾರಿಗೂ ಸೂಚಿಸಲಾರೆ. ಆಗ್ನೇಯದಿಂದ ಬೀಸುವ ‘ಓತಾನ್’ ಗಾಳಿ ಎದ್ದ ದಿನವಂತೂ ಸಮುದ್ರದ ಕಡೆಗೆ ಹೊರಟವರು ಗಾಳಿಗೆ ಎದೆಯೊಡ್ಡಿಯೇ ಸಾಗಬೇಕು. ಈ ಹಾದಿಯ ನಿಜವಾದ ಅನುಕೂಲವೆಂದರೆ ಪಕ್ಕದಲ್ಲೇ ಇರುವ ರೈಲು: ಸುಸ್ತಾದರೆ ಕಾಸ್ತೆಲ್ನೋದರಿಯಲ್ಲೋ ಕಾರ್ಕಸೊನ್‌ನಲ್ಲೋ ಸೈಕಲ್ ಸಮೇತ ರೈಲು ಹತ್ತಬಹುದು.

ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿಯನ್ನು ಹಾಯುವ ನಾಂತ್–ಬ್ರೆಸ್ತ್ ಕಾಲುವೆ ಬೇರೆಯೇ ಸ್ವಭಾವದ್ದು. ಇಂಗ್ಲಿಷ್ ನೌಕಾಪಡೆ ಬ್ರೆಸ್ತ್ ಬಂದರಿಗೆ ದಿಗ್ಬಂಧನ ಹಾಕಿದ್ದ ಕಾಲದಲ್ಲಿ, ಸಮುದ್ರಕ್ಕೆ ಇಳಿಯದೆ ಸರಕು ಸಾಗಿಸಲು ನೆಪೋಲಿಯನ್ ಮಾಡಿಸಿದ ಯೋಜನೆ ಇದು. ಪೂರ್ತಿಯಾಗಿ ತೆರೆದದ್ದು 1842ರಲ್ಲಿ. 364 ಕಿಲೋಮೀಟರ್ ಉದ್ದದಲ್ಲಿ ಹೆಚ್ಚಿನ ಪಾಲು ತೋಡಿದ ಕಾಲುವೆಯಲ್ಲ, ಊಸ್ತ್, ಬ್ಲಾವೆ, ಓನ್ ಮೊದಲಾದ ನದಿಗಳನ್ನೇ ಲಾಕ್ (ನೀರಿನ ಮಟ್ಟ ಬದಲಿಸಿ ದೋಣಿಯನ್ನು ಏರಿಸಿ ಇಳಿಸುವ ಬಾಗಿಲುಕಟ್ಟೆ) ಕಟ್ಟಿ ದೋಣಿ ಸಾಗುವಂತೆ ಮಾಡಿದ ಹರಿವು. ಹೀಗಾಗಿ ಹಾದಿ ನದಿಯ ಜೊತೆಗೇ ಬಳುಕುತ್ತ ಹೋಗುತ್ತದೆ, ನೇರ ಕಾಲುವೆಯ ಬೇಸರ ಇಲ್ಲಿ ಬಹಳ ಕಡಿಮೆ. ನೆಲವೋ, ನುಣ್ಣಗಿನ ಮರಳನ್ನು ಹಾಸಿ ರೋಲರ್ ಉರುಳಿಸಿದಂಥದ್ದು; ಒಣಗಿದ ದಿನ 40 ಮಿಲಿಮೀಟರ್ ಟೈರ್ ಅದರ ಮೇಲೆ ಸದ್ದೇ ಇಲ್ಲದೆ ಉರುಳುತ್ತದೆ. ರೆದೊನ್‌ನಿಂದ ಮಾಲೆತ್ರ್ವಾ, ಅಲ್ಲಿಂದ ಜೊಸ್‌ಲ್ಯಾಂ ಕೋಟೆಯ ಗೋಡೆಗಳು ನೀರಿನಿಂದಲೇ ಎದ್ದು ನಿಂತಂತೆ ಕಾಣುವ ತಿರುವಿನವರೆಗೆ, ಕಣ್ಣು ಒಮ್ಮೆಯೂ ನೆಲಕ್ಕೆ ಬೀಳದೆ ತುಳಿದಿದ್ದೇನೆ.

ರೋಹಾನ್ ಮತ್ತು ಪೊಂತಿವಿ ನಡುವೆ ಮಾತ್ರ ಲೆಕ್ಕ ಬದಲಾಗುತ್ತದೆ. ಅಲ್ಲಿ ಕಾಲುವೆ ಎರಡು ನದಿಗಳ ನಡುವಿನ ದಿಣ್ಣೆಯನ್ನು ಹತ್ತಿ ಇಳಿಯಬೇಕಾದ್ದರಿಂದ 50ಕ್ಕೂ ಹೆಚ್ಚು ಲಾಕ್‌ಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಪ್ರತಿ ಲಾಕ್‌ನ ಪಕ್ಕದಲ್ಲೂ ಒಂದು ಗಿಡ್ಡ ಏರು ಇರುತ್ತದೆ. ಒಂದೊಂದು ಏರೂ ಕೆಲವೇ ಮೀಟರ್. ಆದರೆ ಚೀಲ ಹೊತ್ತ ಸೈಕಲ್ಲಿನಲ್ಲಿ ಮತ್ತೆ ಮತ್ತೆ ಗೇರ್ ಬದಲಿಸುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಅದನ್ನು ನೆನಪಿಸುತ್ತದೆ. ಪೊಂತಿವಿಯ ಆಚೆ, 1930ರಲ್ಲಿ ಮುಗಿದ ಗೆರ್ಲೆದಾನ್ ಅಣೆಕಟ್ಟು ಕಾಲುವೆಯನ್ನೇ ಎರಡಾಗಿ ಕತ್ತರಿಸಿದ್ದು, ಅಲ್ಲಿನ ಲಾಕ್‌ಗಳು ಸರೋವರದ ತಳ ಸೇರಿವೆ. ಸೈಕಲ್ಲಿನವರು ದಡ ಬಿಟ್ಟು ಮೇಲೆ ಹತ್ತಿ ಹಳೆಯ ರೈಲುಮಾರ್ಗವನ್ನು ಹಿಡಿಯಬೇಕು. ಇನ್ನೂ ಪಶ್ಚಿಮಕ್ಕೆ ಗ್ಲೊಮೆಲ್ ಬಳಿ, 1823ರಿಂದ 1832ರವರೆಗೆ ಬ್ರೆಸ್ತ್ ಸೆರೆಮನೆಯ ಕೈದಿಗಳಿಂದ ಅಗೆಸಿದ ಸುಮಾರು ಮೂರು ಕಿಲೋಮೀಟರ್ ಉದ್ದದ ಆಳವಾದ ಕಂದಕ ಇದೆ. ಎರಡೂ ಕಡೆ ಎತ್ತರದ ದಿಬ್ಬ, ಮೇಲೆ ಮರಗಳ ಚಪ್ಪರ, ಕೆಳಗೆ ಅಲುಗಾಡದ ಕಪ್ಪು ನೀರು. ಅದನ್ನು ಗುದ್ದಲಿ, ಪಿಕಾಸಿ ಹಿಡಿದು ತೋಡಿದವರ ಬದುಕನ್ನು ನೆನೆಯದೆ ಅಲ್ಲಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ.

ಬ್ರಿಟನಿಯ ತೊಂದರೆಯೆಂದರೆ ಮಳೆ. ಒದ್ದೆ ಮರಳು ಚೈನಿಗೆ, ಬ್ರೇಕ್ ಪ್ಯಾಡಿಗೆ ಅಂಟಿ ಉಜ್ಜುಕಾಗದದಂತೆ ಸವೆಸುತ್ತದೆ. ಪ್ರತಿ ಸಂಜೆ ನೀರು ಸುರಿದು ಚೈನ್ ಒರೆಸಿ ಎಣ್ಣೆ ಹಾಕಲೇಬೇಕು, ಮಡ್‌ಗಾರ್ಡ್ ಇಲ್ಲದೆ ಹೊರಡಲೇಬಾರದು. ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಮಿದಿಗಿಂತ ಇದು ಮೇಲು. ಕಾಸ್ತೆಲ್ನೋದರಿಯ ಹೆಸರಾಂತ ಕಾಸ್ಸುಲೆಯಲ್ಲಿ ಹುರುಳಿಕಾಯಿಯ ಬೀಜದ ಜೊತೆ ಮಾಂಸ ಇದ್ದೇ ಇರುತ್ತದೆ. ಬ್ರಿಟನಿಯಲ್ಲಾದರೆ ಬಕ್‌ವೀಟ್ ಹಿಟ್ಟಿನ ದೋಸೆಯಂಥ ಗಾಲೆತ್ತನ್ನು ಹಂದಿಮಾಂಸ ಬೇಡವೆಂದು ಹೇಳಿ, ಚೀಸ್, ಅಣಬೆ ಹಾಕಿಸಿಕೊಂಡು ಹೊಟ್ಟೆ ತುಂಬ ತಿನ್ನಬಹುದು.

ಮೂರನೆಯದಾದ ಪಾಸಾ ಪಾಯಿಸ್ ಹೆಸರನ್ನು ಫ್ರಾನ್ಸಿನ ಹೊರಗೆ ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಮೂರರಲ್ಲಿ ಮೊದಲ ಸ್ಥಾನ ಇದಕ್ಕೇ. ಕುರಿಚರ್ಮದಿಂದ ಉಣ್ಣೆ ಬೇರ್ಪಡಿಸುವ ಉದ್ಯಮಕ್ಕೆ ಒಂದು ಕಾಲದಲ್ಲಿ ಜಗತ್ತಿನಲ್ಲೇ ಹೆಸರಾಗಿದ್ದ ಮಾಜಾಮೆ ಪಟ್ಟಣದಿಂದ ಬೆದಾರಿಯೊ ವರೆಗೆ, ಹೋ-ಲಾಂಗ್‌ದೊಕ್ ಬೆಟ್ಟಗಳ ಬುಡದಲ್ಲಿ, ಸುಮಾರು 80 ಕಿಲೋಮೀಟರ್ ಉದ್ದಕ್ಕೂ ಹಳೆಯ ರೈಲುಮಾರ್ಗವೇ ಹಾದಿಯಾಗಿದೆ. ಉಗಿಬಂಡಿ ಹತ್ತಬಲ್ಲಷ್ಟೇ ಏರನ್ನು ಇಟ್ಟು ಕಟ್ಟಿದ ಮಾರ್ಗವಾದ್ದರಿಂದ, ಸುತ್ತ ಸಾವಿರ ಮೀಟರ್ ಎತ್ತರದ ಬೆಟ್ಟಗಳಿದ್ದರೂ, ಒಂದೇ ಗೇರಿನಲ್ಲಿ ಉಸಿರು ಕಟ್ಟದೆ ಗಂಟೆಗಟ್ಟಲೆ ತುಳಿಯಬಹುದು. ಜಲ್ಲಿಪುಡಿ ಬಹುಪಾಲು ಗಟ್ಟಿಯಾಗಿ ಕೂತಿದೆ, ನೀರು ಬದಿಗೆ ಹರಿದುಹೋಗುವಂತೆ ರೈಲಿನವರೇ ಮಾಡಿದ ಏರ್ಪಾಟು ಇನ್ನೂ ಕೆಲಸ ಮಾಡುತ್ತಿರುವುದರಿಂದ ಮಳೆಯ ಮರುದಿನವೂ ಕೆಸರು ಕಡಿಮೆ.

ಈ ಹಾದಿಯ ನಡುವೆ, ಲಬಾಸ್ತಿದ್-ರುವೆರು ಮತ್ತು ಕುರ್ನಿಯು ಊರುಗಳ ಮಧ್ಯೆ, ಮುಕ್ಕಾಲು ಕಿಲೋಮೀಟರ್ ಉದ್ದದ ಫೆನಿಲ್ ಸುರಂಗವಿದೆ. ಒಳಗೆ ಕಾಲಿಟ್ಟ ಕೂಡಲೇ ಬೆವರಿದ ಬೆನ್ನಿಗೆ ಚಳಿ ಹಿಡಿಯುತ್ತದೆ, ಛಾವಣಿಯಿಂದ ತೊಟ್ಟಿಕ್ಕುವ ನೀರು ಹೆಲ್ಮೆಟ್ಟಿನ ಮೇಲೆ ಬೀಳುವ ಸದ್ದು ಕೇಳುತ್ತದೆ. ಚಳಿಯ ಅಂಗಿಯನ್ನು ಸುರಂಗಕ್ಕೆ ಮೊದಲೇ ಚೀಲದಿಂದ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಪಶ್ಚಿಮದ ಬಾಯಿಯವರೆಗೆ ಬೀಚ್, ಚೆಸ್ಟ್‌ನಟ್ ಮರಗಳ ತಂಪು ಕಾಡು, ಹರಿಯುವ ನೀರೆಲ್ಲ ಅಟ್ಲಾಂಟಿಕ್ ಕಡೆಗೆ. ಪೂರ್ವದ ಬಾಯಿಯಿಂದ ಹೊರಬಿದ್ದು ಇಳಿಯತೊಡಗಿದರೆ ಬೆಳಕೇ ಬೇರೆ, ಓಕ್ ಪೊದೆಗಳು, ಚೆರ್ರಿ ತೋಟಗಳು, ದ್ರಾಕ್ಷಿ ಬಳ್ಳಿಗಳು ಒಂದೊಂದಾಗಿ ಬರುತ್ತವೆ. ಸ್ಯಾಂ-ಪೊನ್ಸ್‌ನಲ್ಲಿ ಬಂಡೆಯ ಬುಡದಿಂದ ಹುಟ್ಟುವ ಜೋರ್ ನದಿ ಜೊತೆಯಾಗುತ್ತದೆ. ಗುಡ್ಡದ ಮೇಲಿನ ಓಲಾರ್ಗ್ ಊರು, ಕೆಳಗೆ ಮಧ್ಯಯುಗದ ಕಲ್ಲಿನ ಕಮಾನು ಸೇತುವೆ, ಎರಡನ್ನೂ ರೈಲಿನ ಎತ್ತರದ ಕಬ್ಬಿಣದ ಸೇತುವೆಯ ಮೇಲಿನಿಂದ ನೋಡಬಹುದು. ಮಿದಿ ಕಾಲುವೆಯ ನೊರೂಜ್‌ನಲ್ಲಿ ಫಲಕ ಓದಿ ತಿಳಿಯಬೇಕಾದ ಜಲವಿಭಜಕವನ್ನು ಇಲ್ಲಿ ಗಿಡಮರಗಳೇ ತೋರಿಸುತ್ತವೆ.

ಕೊರತೆಗಳು ಇಲ್ಲವೆಂದಲ್ಲ. ಪ್ರತಿ ರಸ್ತೆ ದಾಟುವಲ್ಲಿಯೂ ವಾಹನ ತಡೆಯಲು ನಿಲ್ಲಿಸಿದ ಮರದ ಅಡ್ಡಗಟ್ಟೆಗಳ ನಡುವೆ ಅಗಲವಾದ ಚೀಲಗಳ ಸೈಕಲ್ಲನ್ನು ತಿರುಗಿಸುವುದು ಕಿರಿಕಿರಿ. ಶರತ್ಕಾಲದಲ್ಲಿ ಕಾಡುಹಂದಿ ಬೇಟೆ ನಡೆಯುವ ದಿನಗಳಲ್ಲಿ, ವಿಶೇಷವಾಗಿ ಭಾನುವಾರ, ಬೇಟೆಯ ಫಲಕ ಕಂಡರೆ ಎದ್ದು ಕಾಣುವ ಬಣ್ಣದ ಅಂಗಿ ತೊಟ್ಟು ಹಾದಿ ಬಿಡದೆ ಹೋಗಬೇಕು. ಊರುಗಳು ಚಿಕ್ಕವು, ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಸೋಮವಾರ ತೆರೆಯದಿರುವುದೂ ಉಂಟು. ನೀರು ಮುಗಿದರೆ ಊರಿನ ಸ್ಮಶಾನಕ್ಕೆ ಹೋಗಬೇಕು ಎಂಬುದನ್ನು ಇಲ್ಲಿನ ಸೈಕಲ್ ಸವಾರರಿಂದ ಕಲಿತೆ: ಹೂಗಿಡಗಳಿಗೆಂದು ಗೇಟಿನ ಬಳಿ ನಲ್ಲಿ ಇರುತ್ತದೆ, ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲವೇ ಎಂದು ನೋಡಿ ತುಂಬಿಸಿಕೊಳ್ಳಬಹುದು.

ವಾರವಿಡೀ ರಜೆ ಇರುವವರು, ಟೆಂಟ್ ಹೊತ್ತು ದೂರ ಹೋಗಬೇಕೆನ್ನುವವರು ನಾಂತ್–ಬ್ರೆಸ್ತ್ ಆರಿಸಿಕೊಳ್ಳಲಿ; ಅಷ್ಟು ಉದ್ದಕ್ಕೆ ಅಂಥ ನೆಲ ಉಳಿದೆರಡರಲ್ಲಿ ಇಲ್ಲ. ಆದರೆ ಅಲ್ಲಿಗೆ ಹೋಗುವ ಅತಿವೇಗದ ಟಿಜಿವಿ ರೈಲಿನಲ್ಲಿ ಸೈಕಲ್ಲಿಗೆ ಮೊದಲೇ ಜಾಗ ಕಾಯ್ದಿರಿಸಬೇಕು. ವಾರಾಂತ್ಯ ಮಾತ್ರ ಬಿಡುವಿರುವವರಿಗೆ, ಮಕ್ಕಳ ಜೊತೆ ಹೊರಡುವವರಿಗೆ, ಜಲ್ಲಿ ಹಾದಿಗೆಂದು ಮಾಡಿದ ಗ್ರಾವೆಲ್ ಸೈಕಲ್ಲನ್ನು ಮೊದಲ ಸಲ ಹತ್ತುವವರಿಗೆ ಪಾಸಾ ಪಾಯಿಸ್. ಅದನ್ನು ಮಾಜಾಮೆಯಿಂದಲೇ ಶುರುಮಾಡಿ: ತುಲೂಸಿನಿಂದ ಅಲ್ಲಿಗೆ ನೇರ ಪ್ರಾದೇಶಿಕ ರೈಲಿದೆ, ಸುರಂಗದವರೆಗಿನ ಏರು ಬೆಳಗಿನ ತಂಪಿನಲ್ಲೇ ಮುಗಿಯುತ್ತದೆ, ಉಳಿದ ದಾರಿ ಬಹುಮಟ್ಟಿಗೆ ಇಳಿಜಾರು, ಮತ್ತು ಬೆದಾರಿಯೊ ನಿಲ್ದಾಣದಿಂದ ಬೆಜಿಯೆ ಮೂಲಕ ರೈಲಿನಲ್ಲೇ ಹಿಂದಿರುಗಬಹುದು. ಬೆಜಿಯೆಯ ಕಡೆಗೆ ಹೋಗುವ ರೈಲುಗಳು ವಿರಳವಾದ್ದರಿಂದ ಸಂಜೆಯ ವೇಳಾಪಟ್ಟಿಯನ್ನು ಓಲಾರ್ಗ್‌ನಲ್ಲಿ ಊಟಕ್ಕೆ ಕೂರುವ ಮೊದಲೇ ನೋಡಿಕೊಳ್ಳಿ.