‘ಒಡಿಸಿ’ಯ ಬೆನ್ನು ಹತ್ತಿ: ಪದಮೂಲ ಹೇಳುವ ಒಂದು ನಿಘಂಟು ಆ್ಯಪ್

ನಿಘಂಟೊಂದು ಹೇಗಿದೆ ಎಂದು ತಿಳಿಯಲು ಅದರಲ್ಲಿರುವ ಪದಗಳನ್ನು ಎಣಿಸುವುದಕ್ಕಿಂತ, ನಮಗೆ ಚೆನ್ನಾಗಿ ಗೊತ್ತಿರುವ ಒಂದು ಪದವನ್ನು ತೆಗೆದು ನೋಡುವುದು ಮೇಲು. ಕನ್ನಡ ಅರ್ಥದೊಂದಿಗೆ ಪದಮೂಲವನ್ನೂ ಕೊಡುವ ಇಂಗ್ಲಿಷ್ ನಿಘಂಟಿನ ಆ್ಯಪ್ ಒಂದನ್ನು ಕೆಲವು ತಿಂಗಳಿಂದ ಬಳಸುತ್ತಿರುವ ನಾನು ಈ ಪರೀಕ್ಷೆಗೆ ಆಯ್ದುಕೊಂಡ ಪದ ‘ಒಡಿಸಿ’ (odyssey), ಎಂದರೆ ಸುದೀರ್ಘ ಅಲೆದಾಟ.

ಪದಮೂಲದ ಭಾಗ ಸೊಗಸಾಗಿದೆ. ಇಂಗ್ಲಿಷಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಗ್ರೀಕಿನ ‘ಒಡಿಸ್ಸೇಯಾ’ಕ್ಕೆ, ಪರದೆಯನ್ನು ಒಮ್ಮೊಮ್ಮೆ ಒತ್ತಿದಂತೆ ಒಂದೊಂದು ಮೆಟ್ಟಿಲು ಹಿಂದೆ ಹೋಗಬಹುದು. ಆ ಗ್ರೀಕ್ ರೂಪಕ್ಕೆ ‘ಒಡಿಸ್ಸಿಯಸ್‌ನ ಕಥೆ’ ಎಂದರ್ಥವೇ ಹೊರತು ಪ್ರಯಾಣ ಎಂದಲ್ಲ ಎಂಬುದನ್ನೂ, ಪ್ರಾಚೀನ ಗ್ರೀಕ್ ಕವಿ ಹೋಮರನ ಈ ಕಾವ್ಯದ ಹೆಸರು 19ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಯಾವುದೇ ಸುದೀರ್ಘ ಅಲೆದಾಟಕ್ಕೆ ಸಲ್ಲುವ ಪದವಾಗಿತ್ತು ಎಂಬುದನ್ನೂ ಆ್ಯಪ್ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಕಾವ್ಯದ ನಾಯಕ ಒಡಿಸ್ಸಿಯಸ್‌ನ ಹೆಸರು ‘ಮುನಿ, ದ್ವೇಷಿಸು’ ಎಂಬ ಕ್ರಿಯಾಪದದಿಂದ ಬಂದಿತೆಂದು ಖಚಿತವಾಗಿ ಬರೆದಿರುವುದು ಸರಿಯಲ್ಲ. ಅದು ಕಾವ್ಯದ 19ನೆಯ ಸರ್ಗದಲ್ಲಿ ಅಜ್ಜ ಆಟೊಲಿಕಸ್ ಮಗುವಿಗೆ ಹೆಸರಿಡುವಾಗ ಆಡುವ ಶ್ಲೇಷೆ. ವಿದ್ವಾಂಸರಲ್ಲಿ ಈ ಬಗ್ಗೆ ಒಮ್ಮತವಿಲ್ಲ.

ನನ್ನ ಮುಖ್ಯ ತಕರಾರು ಅರ್ಥದ ಸಾಲಿನ ಬಗ್ಗೆ. ಕನ್ನಡದಲ್ಲಿ ‘ಸಾಹಸಯಾತ್ರೆ’ ಎಂದಷ್ಟೇ ಕೊಟ್ಟು ಮುಗಿಸಿದ್ದಾರೆ. ‘ಯಾತ್ರೆ’ಯಲ್ಲಿರುವ ‘ಯಾ’ ಧಾತುವಿಗೆ ಹೋಗು ಎಂದರ್ಥ. ಒಡಿಸ್ಸಿಯಸ್‌ನ ಕಥೆಯೋ ಹೋದವನದಲ್ಲ, ಹಿಂದಿರುಗಲಾರದೆ ಹೆಣಗಿದವನದು. ಟ್ರಾಯ್ ಯುದ್ಧದ 10 ವರ್ಷಗಳ ಮೇಲೆ ತನ್ನ ನಾಡು ಇಥಾಕಾ ಸೇರಲು ಅವನಿಗೆ ಇನ್ನೂ 10 ವರ್ಷ ಹಿಡಿಯುತ್ತದೆ, ಅದರಲ್ಲಿ 7 ವರ್ಷ ಅಪ್ಸರೆ ಕ್ಯಾಲಿಪ್ಸೋಳ ದ್ವೀಪದಲ್ಲಿ, 1 ವರ್ಷ ಮಾಟಗಾತಿ ಸರ್ಸಿಯ ಬಳಿ ಕಳೆದುಹೋಗುತ್ತದೆ. ಎಂದರೆ ಜಗತ್ತಿನ ಅತಿ ಹೆಸರಾಂತ ಈ ಪ್ರಯಾಣಿಕ ಬಹುಪಾಲು ಕಾಲ ಎಲ್ಲಿಗೂ ಪ್ರಯಾಣಿಸಿರಲಿಲ್ಲ! 24 ಸರ್ಗಗಳ ಕಾವ್ಯದಲ್ಲಿ ಒಕ್ಕಣ್ಣ ರಾಕ್ಷಸನೂ ಹಾಡಿನಿಂದ ನಾವಿಕರನ್ನು ಸೆಳೆಯುವ ಸೈರನ್‌ಗಳೂ ಬರುವ ಪ್ರಸಿದ್ಧ ಸಾಹಸಗಳು ಅವನೇ ಹೇಳುವ 9ರಿಂದ 12ನೆಯ ಸರ್ಗಗಳಲ್ಲಿವೆ. 13ರಲ್ಲೇ ಅವನು ತಾಯ್ನೆಲ ಮುಟ್ಟುತ್ತಾನೆ. ಮರಳುವಿಕೆಗೆ ಗ್ರೀಕರು ‘ನಾಸ್ಟೋಸ್’ ಎನ್ನುತ್ತಿದ್ದರು. 1688ರಲ್ಲಿ ಸ್ವಿಸ್ ವೈದ್ಯ ಯೊಹಾನೆಸ್ ಹೋಫರ್ ಅದಕ್ಕೆ ನೋವು ಎಂಬರ್ಥದ ‘ಆಲ್ಗೋಸ್’ ಸೇರಿಸಿ ‘ನಾಸ್ಟಾಲ್ಜಿಯಾ’ ಎಂಬ ಪದವನ್ನು ಕಟ್ಟಿದ. ‘ಸಂಬಂಧಿತ ಪದಗಳು’ ಎಂಬಲ್ಲಿ ಸಫಾರಿ, ಟ್ರೆಕ್ ಎಂದೆಲ್ಲ ತುಂಬಿರುವ ಆ್ಯಪ್ ಇದನ್ನು ಬಿಟ್ಟಿರುವುದು ನನಗೆ ಸೋಜಿಗವೆನಿಸಿತು.

ಹುಡುಕುವಾಗ ಒಂದು ಎಚ್ಚರಿಕೆ: ಕನ್ನಡ ಲಿಪಿಯಲ್ಲಿ ‘ಒಡಿಸ್ಸಿ’ ಎಂದು ಬರೆದರೆ ಒಡಿಶಾದ ನೃತ್ಯ ತೆರೆದುಕೊಳ್ಳುತ್ತದೆ, ಸಕಾರದ ಒತ್ತನ್ನು ತೆಗೆದರಷ್ಟೇ ಹೋಮರ್ ಸಿಗುತ್ತಾನೆ. ಉಚ್ಚಾರಣೆಯ ಧ್ವನಿ ಶುದ್ಧವಾಗಿದೆ, ಜಾಹೀರಾತಿನ ಕಾಟವೂ ಇಲ್ಲ. ಪದಮೂಲಕ್ಕಾಗಿ ಆ್ಯಪನ್ನು ಉಳಿಸಿಕೊಂಡಿದ್ದೇನೆ. ಅರ್ಥ ಬೇಕಾದಾಗ ಕೈ ಇನ್ನೂ ಕಪಾಟಿನ ದಪ್ಪ ನಿಘಂಟಿನತ್ತಲೇ ಹೋಗುತ್ತದೆ.