ಹ್ಯೂಗೋದಲ್ಲಿ ನಾಲ್ಕು ವರ್ಷ: ನಮ್ಮ ಉಪ್ಪಿನಕಾಯಿ ವ್ಯಾಪಾರದ ವೆಬ್‌ಸೈಟ್

ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮದು ಮನೆಮಟ್ಟದ ವ್ಯಾಪಾರ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ. ಆಯಿ ಮತ್ತು ಅತ್ತಿಗೆ ಮಾಡುತ್ತಾರೆ. ಪ್ಯಾಕಿಂಗ್, ಕೊರಿಯರ್, ವೆಬ್‌ಸೈಟ್ ನನ್ನ ಪಾಲಿಗೆ. 2021ರ ಮಳೆಗಾಲದಲ್ಲಿ ಸೈಟನ್ನು ಹ್ಯೂಗೋ ಎಂಬ ವೆಬ್‌ಸೈಟ್ ಮಾಡುವ ತಂತ್ರಾಂಶಕ್ಕೆ ತಂದೆ. ಸುತ್ತಮುತ್ತ ಹೋಂಸ್ಟೇ, ಜೇನುತುಪ್ಪದ ವ್ಯಾಪಾರ ಮಾಡುವವರು ಅದರ ಬಗ್ಗೆ ಆಗಾಗ ಕೇಳುತ್ತಿರುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲಿದ್ದ ಸೈಟ್ ದುಡ್ಡು ಕೊಟ್ಟು ಮಾಡಿಸಿದ್ದು. ತೆರೆದ ಕೂಡಲೇ ಮೇಲೆ ಒಂದಾದ ಮೇಲೊಂದು ಜಾರುವ ಐದು ಫೋಟೋ, ಒಂದೊಂದೂ ಫೋನಲ್ಲಿ ತೆಗೆದ ಹಾಗೇ 4 ಎಂಬಿ. ಠಾಣೆಯಲ್ಲಿರುವ ಹಳೆಯ ಗಿರಾಕಿಯೊಬ್ಬರು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬರುವಾಗ ಫೋನ್ ಮಾಡಿದರು. "ತಮಾ, ಎಷ್ಟೊತ್ತಾದ್ರೂ ನಿಂಗಳ ಸೈಟ್ ಓಪನ್ನೇ ಆಗ್ತಿಲ್ಲೆ. ದರ ಎಷ್ಟು ಹೇಳು." ಅವರು ಗುರುತಿನವರು, ಫೋನ್ ಮಾಡಿದರು. ಗುರುತಿಲ್ಲದವರು ಸುಮ್ನೆ ಬೇರೆ ಕಡೆ ಹೋಗುತ್ತಾರೆ, ಅಲ್ವಾ?

ಹ್ಯೂಗೋ 2013ರಲ್ಲಿ ಬಂದ ಉಚಿತ ತಂತ್ರಾಂಶ. ನಾನು ಪುಟದ ವಿಷಯ ಬರೆದಿಟ್ಟರೆ ಅದು ಬ್ರೌಸರ್ ನೇರವಾಗಿ ತೋರಿಸುವಂಥ (ಎಚ್‌ಟಿಎಮ್‌ಎಲ್) ಪೂರ್ತಿ ಪುಟವನ್ನು ಮೊದಲೇ ಮಾಡಿ ಕೊಡುತ್ತದೆ. ಗಿರಾಕಿ ಬಂದಾಗ ಡೇಟಾಬೇಸ್ ತೆಗೆದು ಪುಟ ಕಟ್ಟುವ ಕೆಲಸ ಸೈಟ್ ಇಟ್ಟಿರುವ ಕಂಪ್ಯೂಟರಿಗೆ (ಸರ್ವರ್‌ಗೆ) ಇಲ್ಲ, ಬಾಟಲಿಗೆ ತುಂಬಿಟ್ಟ ಉಪ್ಪಿನಕಾಯಿ ಎತ್ತಿ ಕೊಟ್ಟ ಹಾಗೆ. ನಮ್ಮ ನಲವತ್ತು ಚಿಲ್ಲರೆ ಪುಟ ಒಂದು ಸೆಕೆಂಡಿನೊಳಗೆ ತಯಾರಾಗುತ್ತವೆ. ಸೈಟ್ ಇಟ್ಟಿರುವುದು ಸೈಟುಗಳಿಗೆ ಜಾಗ ಕೊಡುವ ಕ್ಲೌಡ್‌ಫ್ಲೇರ್ ಪೇಜಸ್ ಎಂಬ ಸೇವೆಯ ಉಚಿತ ಪ್ಲಾನಿನಲ್ಲಿ. ತಿಂಗಳಿಗೆ 500 ಸಲ ಬದಲಾವಣೆ ಏರಿಸಬಹುದು, ನನಗೆ ಇಪ್ಪತ್ತೂ ಬೇಕಾಗುವುದಿಲ್ಲ. ಖರ್ಚು ಅಂದರೆ ವರ್ಷಕ್ಕೊಮ್ಮೆ ಡೊಮೇನಿನ (ಸೈಟಿನ ಹೆಸರಿನ) ದುಡ್ಡು, ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಫೋಟೋ ವಿಷಯ. ಆಯಿ ಭರಣಿಯಿಂದ ಮಿಡಿ ತೆಗೆಯುವ ಫೋಟೋ ಒಂದಿದೆ, ಮೂಲ ಫೈಲ್ 4 ಎಂಬಿ. ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಅಚ್ಚಿನಲ್ಲಿ, ಒಂದು ಸಲ ಬರೆದಿಟ್ಟರೆ ಸಾಕು, ಹ್ಯೂಗೋ ತಾನೇ ಅದನ್ನು 480 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಫೋಟೋ ಫೈಲ್ ಮಾಡುತ್ತದೆ. ಈಗ ಅದು 40 ಕೆಬಿ ಆಸುಪಾಸು. ಮಿಡಿಯ ತೊಟ್ಟು ಕೂಡ ಸ್ಪಷ್ಟ ಕಾಣುತ್ತದೆ. ಕನ್ನಡ ಅಕ್ಷರಕ್ಕೆ ಬೇರೆ ಫಾಂಟ್ ಹಾಕಿದ್ದನ್ನೂ ತೆಗೆದೆ. ಫೋನಿನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ, ಮತ್ತೊಂದನ್ನು ಇಳಿಸುವಂತೆ ಮಾಡಿ ಗಿರಾಕಿಯನ್ನು ಕಾಯಿಸುವುದು ಯಾಕೆ? ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ನಮ್ಮದು ಸಿಗ್ನಲ್ ಕಡಿಮೆ ಇರುವ ನಮ್ಮ ಅಂಗಳದಲ್ಲೂ ಅಷ್ಟರೊಳಗೆ ಬರುತ್ತದೆ.

ಆದರೆ ಸೈಟ್ ಬೇಗ ತೆರೆದರೆ ಗೂಗಲ್‌ನಲ್ಲಿ ಮೇಲೆ ಬಂದೇ ಬರುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹ್ಯೂಗೋಗೆ ಬಂದು ಎರಡು ತಿಂಗಳಾದರೂ ಸರ್ಚ್ ಕನ್ಸೋಲ್‌ನಲ್ಲಿ (ಗೂಗಲ್ ಹುಡುಕಾಟದಲ್ಲಿ ನಮ್ಮ ಸೈಟ್ ಹೇಗಿದೆ ಅಂತ ತೋರಿಸುವ ಗೂಗಲ್‌ನದೇ ಉಚಿತ ಸೇವೆ) ಏನೂ ಬದಲಾಗಲಿಲ್ಲ. ಬದಲಾಗಿದ್ದು ಬರೆಯಲು ಕುಳಿತ ಮೇಲೆ. ಜನ ಏನು ಹುಡುಕಿ ಬರುತ್ತಾರೆ ಅಂತ ಸರ್ಚ್ ಕನ್ಸೋಲ್‌ನಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ನೋಡಿದರೆ "ಎಣ್ಣೆ ಹಾಕದ ಉಪ್ಪಿನಕಾಯಿ", "ಅಪ್ಪೆಮಿಡಿ ಎಷ್ಟು ದಿನ ಇಡಬಹುದು" ಇಂಥವೇ ಜಾಸ್ತಿ. ಫೋನಿನಲ್ಲಿ ಆಯಿಗೆ ಜನ ಕೇಳುವುದೂ ಅದನ್ನೇ! ಎಲ್ಲ ಮಾಲೂ ಒಂದೇ ಪುಟದಲ್ಲಿ ಇದ್ದದ್ದನ್ನು ಬಿಡಿಸಿ ಒಂದೊಂದಕ್ಕೂ ಬೇರೆ ಪುಟ ಮಾಡಿದೆ. ಮಿಡಿಯನ್ನು ಉಪ್ಪಿನಲ್ಲಿ ಹಾಕಿ ಚಿರುಟುವವರೆಗೆ ಇಡುವುದು, ಸಾಸಿವೆ, ಮೆಣಸು ಬೀಸಿ ಕಲಸುವುದು, ಸೊನೆಯ ಪರಿಮಳ ಉಳಿಯಬೇಕು ಅಂತ ತೊಟ್ಟು ಉಳಿಸಿ ಕೊಯ್ಯುವುದು, ಒದ್ದೆ ಚಮಚ ಹಾಕಿದರೆ ಯಾಕೆ ಕೆಡುತ್ತದೆ ಅನ್ನುವುದು, ಹೀಗೆ ಆಯಿ ಹೇಳಿದ್ದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಹಾಕಿದೆ. ಹ್ಯೂಗೋದಲ್ಲಿ ಎರಡು ಭಾಷೆ ನಡೆಸಲು ಬೇರೆ ಪ್ಲಗಿನ್ (ಜೋಡಿಸುವ ಹೆಚ್ಚುವರಿ ತಂತ್ರಾಂಶ) ಬೇಡ. ಈಗ ಹೊಸ ಗಿರಾಕಿಗಳು ಹೆಚ್ಚಾಗಿ ಆ ಪುಟಗಳಿಂದಲೇ ಬರುತ್ತಾರೆ, ಅಲ್ಲೇ ಇರುವ ವಾಟ್ಸಾಪ್ ಬಟನ್ ಒತ್ತಿ ಆರ್ಡರ್ ಹೇಳುತ್ತಾರೆ.

ಎರಡು ಕಿವಿಮಾತು. ಪುಟದ ವಿಳಾಸ ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಕನ್ನಡದಲ್ಲಿ ಇಟ್ಟರೆ ವಾಟ್ಸಾಪಿಗೆ ಹಾಕುವಾಗ ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿಬಿಡುತ್ತದೆ. ಸೈಟ್ ಬದಲಿಸುವಾಗ ಹಳೆಯ ವಿಳಾಸಗಳನ್ನು ಹೊಸದಕ್ಕೆ 301 ರೀಡೈರೆಕ್ಟ್ ಮಾಡಿ, ಅಂದರೆ ಹಳೆಯದಕ್ಕೆ ಬಂದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ. ನಾನು ಮೂರು ಪುಟ ಬಿಟ್ಟುಬಿಟ್ಟಿದ್ದೆ, ಅದರಲ್ಲಿ ಹಪ್ಪಳದ ಪುಟವೂ ಒಂದು. ಅದು ಹುಡುಕಾಟದಲ್ಲಿ ಮತ್ತೆ ಕಾಣಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯಿತು.

ಕಷ್ಟಗಳೂ ಇವೆ. ಇದರ ಟೆಂಪ್ಲೇಟ್ ಭಾಷೆ ಕಲಿಯಲು ಸುಲಭವಿಲ್ಲ, ನನಗೆ ಮೂರು ವಾರ ರಾತ್ರಿ ಕುಳಿತುಕೊಳ್ಳಬೇಕಾಯಿತು. ಹೊಸ ಆವೃತ್ತಿಗಳಲ್ಲಿ ಹಳೆಯ ಆಜ್ಞೆಗಳನ್ನು ತೆಗೆಯುತ್ತಾ ಹೋಗುತ್ತಾರೆ. ಒಮ್ಮೆ ಅಪ್‌ಡೇಟ್ ಮಾಡಿದ್ದೇ ತಡ, ನಾನು ತೆಗೆದುಕೊಂಡಿದ್ದ ಥೀಮ್ (ಸೈಟಿನ ಸಿದ್ಧ ವಿನ್ಯಾಸ) ಕೈಕೊಟ್ಟಿತು, ಅದು ಸರಿಯಾಗಿ ಮಿಡಿ ಬರುವ ಮಾರ್ಚ್ ತಿಂಗಳು. ಅಂದಿನಿಂದ ಹ್ಯೂಗೋ ತಾನಾಗಿ ಬದಲಾಗದ ಹಾಗೆ ಒಂದೇ ಆವೃತ್ತಿಯಲ್ಲಿ ನಿಲ್ಲಿಸಿ ಇಟ್ಟಿದ್ದೇನೆ, ಅಪ್‌ಡೇಟ್ ಏನಿದ್ದರೂ ಮಳೆಗಾಲದಲ್ಲಿ. ಕಾರ್ಟ್, ಆನ್‌ಲೈನ್ ಪೇಮೆಂಟ್ ಇದರಲ್ಲಿ ಬರುವುದಿಲ್ಲ. ದಿನಕ್ಕೆ ನೂರು ಆರ್ಡರ್ ಇರುವ ಬಟ್ಟೆ ಅಂಗಡಿಗೆ ನಾನು ಇದನ್ನು ಹೇಳುವುದಿಲ್ಲ. ನಮ್ಮಂಥ ಹತ್ತು ಹದಿನೈದು ಮಾಲಿನ ವ್ಯಾಪಾರಕ್ಕೆ, ಹೋಂಸ್ಟೇಗೆ, ಕ್ಲಿನಿಕ್ಕಿಗೆ ಧೈರ್ಯವಾಗಿ ಹೇಳುತ್ತೇನೆ, ಆದರೆ ಮನೆಯಲ್ಲಿ ಒಬ್ಬರಿಗಾದರೂ ಕಲಿಯುವ ತಾಳ್ಮೆ ಬೇಕು.

ಬರೆದು ಬದಲಿಸಲು ಅಡ್ಮಿನ್ ಪುಟ ಇಲ್ಲದ್ದು ಮನೆಯವರಿಗೆ ತೊಂದರೆಯಾಗಿತ್ತು. ನಾನು ಊರಲ್ಲಿ ಇಲ್ಲದಾಗ ಮಾಲು ಮುಗಿದರೂ ಸೈಟಿನಲ್ಲಿ "ಇದೆ" ಅಂತಲೇ ಇರುತ್ತಿತ್ತು. ಈಗ ದರ, ಸ್ಟಾಕ್ ಎರಡನ್ನೂ ಒಂದೇ ಡೇಟಾ ಫೈಲಿಗೆ ಹಾಕಿದ್ದೇನೆ. ಅತ್ತಿಗೆ ತಮ್ಮ ಫೋನಿನಲ್ಲೇ, ನಮ್ಮ ಸೈಟಿನ ಫೈಲುಗಳು ಇರುವ ಗಿಟ್‌ಹಬ್ ಎಂಬ ಜಾಲತಾಣ ತೆರೆದು ಜೋನಿ ಬೆಲ್ಲದ ಮುಂದೆ "ಖಾಲಿ" ಅಂತ ಬರೆಯುತ್ತಾರೆ. ಕ್ಲೌಡ್‌ಫ್ಲೇರ್ ಆ ಬದಲಾವಣೆ ಎತ್ತಿಕೊಂಡು ಪುಟಗಳನ್ನು ಮತ್ತೆ ಮಾಡುತ್ತದೆ, ಒಂದೆರಡು ನಿಮಿಷದಲ್ಲಿ ಸೈಟೂ ಹಾಗೇ ತೋರಿಸುತ್ತದೆ.