ಮೃಗಶಿರಕ್ಕೋ, ಸ್ವಾತಿಗೋ: ಶಿರಸಿಯ ಅಂಗಳದಲ್ಲಿ ಗುಲಾಬಿ ನೆಟ್ಟು ನೋಡಿದ್ದು

ನಮ್ಮ ಕಡೆ ಹೂವಿನ ಗಿಡ ನೆಡುವುದೆಂದರೆ ಜೂನ್‌ನ ಮೃಗಶಿರ ಮಳೆ ಹಿಡಿದ ಮೇಲೆಯೇ ಎಂಬುದು ಯಾರೂ ಪ್ರಶ್ನಿಸದ ರೂಢಿ. ದಾಸವಾಳದ ಟೊಂಗೆಯಾಗಲಿ, ಡೇರೆ ಹೂವಿನ (ಡೇಲಿಯಾ) ಗಡ್ಡೆಯಾಗಲಿ ಆಗ ಊರಿಬಿಟ್ಟರೆ ಮತ್ತೆ ತಿರುಗಿ ನೋಡಬೇಕಾಗಿಲ್ಲ. ಗುಲಾಬಿಯನ್ನೂ ನಾನು ಹಲವು ವರ್ಷ ಹಾಗೆಯೇ ನೆಟ್ಟೆ. ಆಗಸ್ಟ್‌ನ ಆಶ್ಲೇಷ ಮಳೆಯ ಹೊತ್ತಿಗೆ ಮುಳ್ಳಿನ ಕಡ್ಡಿ ಮಾತ್ರ ಉಳಿಯುತ್ತಿತ್ತು. ತಪ್ಪು ಗಿಡದ್ದೋ, ನೆಟ್ಟ ಸಮಯದ್ದೋ ಎಂದು ತಿಳಿಯಲೇಬೇಕೆನಿಸಿ, ಒಂದೇ ಧರೆಯ ಪಕ್ಕದಲ್ಲಿ ಒಂದೂವರೆ ಅಡಿ ಆಳದ ಒಂದೇ ಬಗೆಯ ಗುಂಡಿಗಳನ್ನು ತೆಗೆದು, ಜೂನ್, ಅಕ್ಟೋಬರ್ ಕೊನೆ ಮತ್ತು ಜನವರಿ ಹೀಗೆ ಮೂರು ಹೊತ್ತಿನಲ್ಲಿ ನೆಟ್ಟು ಮೂರು ಮಳೆಗಾಲ ಕಾದು ನೋಡಿದೆ. ನೆಟ್ಟದ್ದು ನಾಲ್ಕು ಬಗೆ: ಉದ್ದ ತೊಟ್ಟಿಗೆ ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಗುಂಪಿನ ಕೆಂಪು ಗ್ಲ್ಯಾಡಿಯೇಟರ್ ಮತ್ತು ಹಳದಿ ಪೀಸ್, ಗೊಂಚಲಾಗಿ ಹೂ ಬಿಡುವ ಫ್ಲೋರಿಬಂಡಾ ಗುಂಪಿನ ಬಿಳಿ ಐಸ್‌ಬರ್ಗ್, ಬಟನ್ ಗುಲಾಬಿ, ಮತ್ತು ನಮ್ಮ ಅಜ್ಜಿಯ ಕಾಲದಿಂದಲೂ ಇರುವ ಪನ್ನೀರು ಗುಲಾಬಿ.

ಜೂನ್‌ನಲ್ಲಿ ನೆಟ್ಟವು ಮೊದಲ ಹದಿನೈದು ದಿನ ನನ್ನನ್ನು ನಂಬಿಸಿದವು. ಕೆಂಪು ಚಿಗುರು ಚೆನ್ನಾಗಿಯೇ ಬಂತು. ಆರಿದ್ರಾ ಮಳೆ ಕುಳಿತ ಮೇಲೆ ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದೆ: ಮಸಿ ಸಿಡಿದಂತೆ ಕಪ್ಪು ಚುಕ್ಕೆ, ಅದರ ಅಂಚು ನೇರವಾಗಿರದೆ ಎಳೆ ಎಳೆಯಾಗಿ ಹರಡಿದೆ, ಸುತ್ತ ಹಳದಿ ಬಳೆ. ಎಲೆ ಸತತ ಏಳೆಂಟು ತಾಸು ಒದ್ದೆಯಾಗಿದ್ದರೆ ಸಾಕು, ಈ ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಒಳಗಿಳಿಯುತ್ತದೆ. ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬಿದ್ದು ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿಯುವ ನಮ್ಮೂರಿನಲ್ಲಿ ಎಲೆ ದಿನಗಟ್ಟಲೆ ಒಣಗುವುದೇ ಇಲ್ಲ. ಹೊಸ ಬೇರು ಇನ್ನೂ ಮಣ್ಣು ಹಿಡಿಯದ ಗಿಡಕ್ಕೆ ಎಲೆಯೂ ಉದುರಿದರೆ ಆಹಾರ ತಯಾರಿಸುವ ದಾರಿಯೇ ಮುಚ್ಚಿಹೋಗುತ್ತದೆ. ಆಗಸ್ಟ್ ಆರಂಭಕ್ಕೆ, ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಪೀಸ್ ಸತ್ತಿತು. ಗ್ಲ್ಯಾಡಿಯೇಟರ್ ತುದಿಯಿಂದ ಕೆಳಗೆ ಕಂದುಬಣ್ಣಕ್ಕೆ ತಿರುಗುತ್ತಾ ಬಂದು ಕಸಿಯ ಗಂಟಿನ, ಅಂದರೆ ಕಾಡುಗುಲಾಬಿಯ ಬುಡಕ್ಕೆ ತಳಿಯನ್ನು ಕೂಡಿಸಿದ ಜಾಗದ, ಬಳಿ ನಿಂತಿತು.

ಅಕ್ಟೋಬರ್ ಕೊನೆಯಲ್ಲಿ, ಚಿತ್ತೆ ಮಳೆಯ ಗುಡುಗು ಕಳೆದು ಸ್ವಾತಿ ಕಾಲಿಡುವಾಗ ನೆಟ್ಟ ಅದೇ ತಳಿಗಳ ಕಥೆ ಬೇರೆಯೇ ಆಯಿತು. ಮಣ್ಣಿನ ಆಳದಲ್ಲಿ ತೇವವಿತ್ತು, ಮೇಲೆ ಬಿಸಿಲಿತ್ತು, ರಾತ್ರಿ ತಂಪಿತ್ತು. ದೊಡ್ಡಹಬ್ಬದ (ದೀಪಾವಳಿಯ) ಗಡಿಬಿಡಿಯ ನಡುವೆ ಎರಡು ದಿನಕ್ಕೊಮ್ಮೆ ನೀರು ಹಾಕಿದ್ದನ್ನು ಬಿಟ್ಟರೆ ವಿಶೇಷ ಆರೈಕೆ ಮಾಡಲಿಲ್ಲ. ಸುಮಾರು ಐವತ್ತು ದಿನಕ್ಕೆ, ಅಂಗಳದ ಚಪ್ಪರದಲ್ಲಿ ಅಡಿಕೆ ಒಣಗುತ್ತಿದ್ದ ಹೊತ್ತಿಗೆ, ಮೊದಲ ಹೂ ಬಿರಿಯಿತು. ಇದಕ್ಕಿಂತ ಮುಖ್ಯವಾದದ್ದು, ಮುಂದಿನ ಮಳೆಗಾಲಕ್ಕೆ ಈ ಗಿಡಗಳಿಗೆ ಏಳು ತಿಂಗಳ ಕಾಲಾವಕಾಶ ಸಿಕ್ಕಿತು. ಜೂನ್ ಬರುವಾಗ ಬುಡದ ಕಡ್ಡಿ ಬಲಿತು ಕಂದಾಗಿತ್ತು. ಎಲೆ ಉದುರಿದರೂ ಮತ್ತೆ ಚಿಗುರುವ ಶಕ್ತಿ ಅದರಲ್ಲಿತ್ತು. ಜನವರಿಯಲ್ಲಿ ನೆಟ್ಟವು ಬದುಕಿದವು, ಆದರೆ ಮಾರ್ಚ್ ಬಿಸಿಲಿಗೆ ದಿನವೂ ನೀರು ಬೇಡಿದವು, ಹೂ ಚಿಕ್ಕದಾಯಿತು. ಬಾವಿಯ ನೀರು ತಳ ಕಾಣುವ ಮನೆಯವರಿಗೆ ಆ ಹೊತ್ತನ್ನು ನಾನು ಹೇಳಲಾರೆ.

ಸಮಯ ತೀರ್ಮಾನವಾದ ಮೇಲೆ ಉಳಿಯುವುದು ಜಾತಿಯ ಪ್ರಶ್ನೆ. ಅಕ್ಟೋಬರ್‌ನಲ್ಲಿ ನೆಟ್ಟರೂ ಎಲ್ಲವೂ ಮಳೆಗಾಲವನ್ನು ಒಂದೇ ರೀತಿ ದಾಟಲಿಲ್ಲ. ಹೈಬ್ರಿಡ್ ಟೀ ಗುಂಪು 1867ರ ಲಾ ಫ್ರಾನ್ಸ್ ಎಂಬ ತಳಿಯಿಂದ ಆರಂಭವಾಯಿತೆಂದು ಎಣಿಸುತ್ತಾರೆ. ಅದಕ್ಕೆ ಗಾಢ ಹಳದಿ ಬಣ್ಣ ಬಂದದ್ದು ಫ್ರಾನ್ಸಿನ ಪೆರ್ನೆ-ದ್ಯುಶೆ 1900ರಲ್ಲಿ ಹೊರತಂದ ಸೊಲೇಯ್ ದೋರ್ ತಳಿಯ ಮೂಲಕ, ಪಶ್ಚಿಮ ಏಷ್ಯಾದ ಒಣನಾಡಿನ ಹಳದಿ ಕಾಡುಗುಲಾಬಿಯಿಂದ. ಆ ಬಣ್ಣದ ಜೊತೆಗೆ ಕಪ್ಪು ಚುಕ್ಕೆಗೆ ಬೇಗ ಬಲಿಯಾಗುವ ಗುಣವೂ ವಂಶಕ್ಕೆ ಸೇರಿಕೊಂಡಿತು. ನನ್ನ ಅಂಗಳದಲ್ಲಿ ಪ್ರತಿ ವರ್ಷವೂ ಹಳದಿ ಪೀಸ್ ಮೊದಲು ಬೋಳಾಗಿ, ಕೆಂಪು ಗ್ಲ್ಯಾಡಿಯೇಟರ್ ಎರಡು ವಾರ ತಡವಾಗಿ ಬೋಳಾಗುವುದನ್ನು ಕಂಡಾಗ ಈ ವಂಶಾವಳಿ ಕೇವಲ ಪುಸ್ತಕದ ವಿಷಯವೆನಿಸಲಿಲ್ಲ. ಎರಡರ ಮೊಗ್ಗಿಗೂ ಇನ್ನೊಂದು ತೊಂದರೆಯಿದೆ: ಎಸಳು ದಟ್ಟವಾಗಿರುವುದರಿಂದ ಹೊರಗಿನ ಎಸಳುಗಳು ನೆನೆದು ಕಾಗದದಂತೆ ಅಂಟಿಕೊಂಡು, ಮೊಗ್ಗು ಬಿರಿಯದೆ ಒಳಗೇ ಕೊಳೆಯುತ್ತದೆ. ಆದರೂ ಡಿಸೆಂಬರ್‌ನ ಬೆಳಗಿನಲ್ಲಿ ಉದ್ದ ತೊಟ್ಟಿನ ಮೇಲೆ ಅರಳುವ ಗ್ಲ್ಯಾಡಿಯೇಟರಿಗೆ ಸಾಟಿಯಾದ ಹೂ ನನ್ನ ಬಳಿ ಬೇರೆಯಿಲ್ಲ. ಅದನ್ನು ಈಗ ದೊಡ್ಡ ಕುಂಡದಲ್ಲಿಟ್ಟು ಜೂನ್ ಮೊದಲ ವಾರ ಮಾಡಿನ ಕೆಳಗೆ ಸರಿಸುತ್ತೇನೆ.

ಐಸ್‌ಬರ್ಗ್ 1958ರಲ್ಲಿ ಜರ್ಮನಿಯ ಕೊರ್ಡೆಸ್ ಹೊರತಂದ ತಳಿ. ಗೊಂಚಲಿನಲ್ಲಿ ಬರುವ ಇದರ ಹೂವಿನ ಎಸಳು ಸಡಿಲವಾಗಿರುವುದರಿಂದ ನೀರು ಜಾರಿಹೋಗುತ್ತದೆ. ರೋಗ ತಗಲದೆ ಇಲ್ಲ, ಆದರೆ ಸೆಪ್ಟೆಂಬರ್‌ನ ಹುಬ್ಬೆ ಮಳೆ ಕಳೆಯುವ ಮೊದಲೇ ಮತ್ತೆ ಚಿಗುರುತ್ತದೆ. ಕಸಿ ಗಿಡವೇ ಬೇಕೆಂಬವರು ಇದರಿಂದ ಆರಂಭಿಸಲಿ. ಬಟನ್ ಗುಲಾಬಿ ಕುಂಡಕ್ಕೆ, ದೇವರಿಗೆ ದಿನಕ್ಕೆ ನಾಲ್ಕು ಹೂ ಬೇಕೆನ್ನುವವರಿಗೆ ಸರಿ; ಪರಿಮಳ ಕೇಳಬಾರದು.

ಆದರೆ ನೆಲದಲ್ಲಿ, ಬಯಲಿನಲ್ಲಿ, ಮೇಲೆ ಯಾವ ಮರೆಯೂ ಇಲ್ಲದೆ ಮೂರು ಮಳೆಗಾಲವನ್ನೂ ದಾಟಿದ್ದು ಪನ್ನೀರು ಗುಲಾಬಿಯೊಂದೇ. ಇದರ ಬಲವಿರುವುದು ಸ್ವಂತ ಬೇರಿನಲ್ಲಿ. ಟೊಂಗೆ ಊರಿ ಬೆಳೆಸಿದ ಗಿಡವಾದ್ದರಿಂದ ಮೇಲಿನದೆಲ್ಲ ಒಣಗಿದರೂ ಬುಡದಿಂದ ಬರುವ ಚಿಗುರು ಪನ್ನೀರಿನದೇ ಆಗಿರುತ್ತದೆ. ಕಸಿ ಗಿಡದಲ್ಲಿ ಹಾಗಲ್ಲ. ಗಾಡಿಯಲ್ಲಿ ಮಾರಲು ಬಂದವರಿಂದ ಒಮ್ಮೆ ಕೊಂಡ ಕೆಂಪು ಗುಲಾಬಿ ಒಂದೇ ವರ್ಷದಲ್ಲಿ ಹುಲುಸಾಗಿ ಬೆಳೆದು ಗೊಂಚಲು ಗೊಂಚಲಾಗಿ ಪುಟ್ಟ ಬಿಳಿ ಹೂ ಬಿಟ್ಟಿತು. ಕಸಿ ಸತ್ತು ಕೆಳಗಿನ ಕಾಡುಗುಲಾಬಿ ಎದ್ದಿತ್ತು. ಗಂಟಿನ ಕೆಳಗಿನಿಂದ ಹೊರಡುವ ಚಿಗುರನ್ನು ಕಂಡ ಕೂಡಲೇ ಬುಡಸಮೇತ ಕೀಳಬೇಕೆಂದು ಅಂದು ಕಲಿತೆ. ಚಳಿನಾಡುಗಳ ಪುಸ್ತಕಗಳು ಹಿಮದಿಂದ ಕಾಪಾಡಲು ಆ ಗಂಟನ್ನು ಮಣ್ಣಿನೊಳಗೆ ಹೂಳಲು ಹೇಳುತ್ತವೆ; ನಮ್ಮಲ್ಲಿ ಅದು ನೆಲದಿಂದ ಎರಡು ಇಂಚು ಮೇಲಿರಬೇಕು, ಇಲ್ಲವಾದರೆ ನೀರು ನಿಂತು ಕೊಳೆಯುತ್ತದೆ. ಮೃಗಶಿರದ ರೂಢಿ ಸರಿಹೊಂದುವುದೂ ಪನ್ನೀರಿಗೇ, ಅದೂ ಅರ್ಧ ಮಾತ್ರ: ಪೆನ್ಸಿಲ್ ದಪ್ಪದ ಕಡ್ಡಿಯನ್ನು ಜೂನ್‌ನಲ್ಲಿ ಮಾಡಿನ ಕೆಳಗಿನ ಕುಂಡದಲ್ಲಿ ಊರಿ ಬೇರು ಬರಿಸಿಕೊಂಡು, ಸ್ವಾತಿಗೆ ನೆಲಕ್ಕೆ ಇಳಿಸುವುದು ಉತ್ತಮ.

ಘಟ್ಟದ ಕೆಳಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕಾರವಾರದಲ್ಲಿರುವ ತಂಗಿಯ ಮನೆಯಲ್ಲಿ ಮರಳು ಮಣ್ಣು, ಚಳಿ ಹೆಸರಿಗೆ ಮಾತ್ರ, ಮಳೆ ನಮಗಿಂತಲೂ ಹೆಚ್ಚು. ಅಲ್ಲಿ ನವೆಂಬರ್ ಮಧ್ಯದವರೆಗೆ ಕಾದು, ಗೊಬ್ಬರವನ್ನು ಎರಡು ಪಾಲು ಹಾಕಿ, ಸಮುದ್ರದ ಗಾಳಿ ನೇರವಾಗಿ ಬೀಸದ ಪೂರ್ವದ ಗೋಡೆಗೆ ನೆಟ್ಟ ಐಸ್‌ಬರ್ಗ್ ಚೆನ್ನಾಗಿದೆ. ಪಶ್ಚಿಮಕ್ಕೆ ನೆಟ್ಟದ್ದರ ಎಲೆಗಳ ಅಂಚು ಉಪ್ಪುಗಾಳಿಗೆ ಸುಟ್ಟಂತಾಯಿತು. ಗ್ಲ್ಯಾಡಿಯೇಟರ್ ಅಲ್ಲಿಯೂ ಅರಳುತ್ತದೆ, ಆದರೆ ಹೂ ಎರಡೇ ದಿನಕ್ಕೆ ಬಿಚ್ಚಿಹೋಗುತ್ತದೆ.

ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ ಒಂದು ಕೊಡ ಬೋರ್ಡೋ ದ್ರಾವಣವನ್ನು ಎತ್ತಿಟ್ಟುಕೊಳ್ಳುತ್ತೇನೆ. 100 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ತಲಾ ಒಂದು ಕಿಲೋ ಎಂಬುದು ಅಡಿಕೆಯ ಪ್ರಮಾಣ. ಗುಲಾಬಿಗೆ ಅಷ್ಟೇ ನೀರು ಬೆರೆಸಿ ತೆಳುಮಾಡಿ, ಮಳೆ ಬಿಟ್ಟ ಹೊತ್ತು ನೋಡಿ ಎಲೆಯ ಎರಡೂ ಬದಿಗೆ ಹೊಡೆಯುತ್ತೇನೆ. ಉದುರಿದ ಎಲೆಯನ್ನು ಗೊಬ್ಬರ ಗುಂಡಿಗೆ ಹಾಕದೆ ಬಚ್ಚಲ ಒಲೆಗೆ ಹಾಕುತ್ತೇನೆ. ಪೀಸ್ ಸತ್ತ ಗುಂಡಿಯ ಮಣ್ಣನ್ನು ತೆಗೆದು ಹೊಸ ಮಣ್ಣು ತುಂಬಿದ್ದಾಗಿದೆ. ಮಾಡಿನ ಕೆಳಗೆ ಜೂನ್‌ನಲ್ಲಿ ಊರಿದ ಆರು ಪನ್ನೀರು ಕಡ್ಡಿಗಳಲ್ಲಿ ಐದು ಚಿಗುರಿವೆ, ಸ್ವಾತಿಗೆ ಅವುಗಳಲ್ಲೊಂದನ್ನು ಅಲ್ಲಿ ನೆಡುತ್ತೇನೆ.